ಹೆಸರು ಉಳಿಯಿತು, ದನಿ?

1

ಕನ್ನಡಿಗರು ಬಾನುಲಿಯ ಮಾತೆತ್ತಿದರೆ ಮೊದಲು ಹೇಳುವುದು ಒಂದು ಹೆಸರಿನ ಕಥೆ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪ್ರಸಾರ ನಿಲಯ ತೆರೆದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು. ಮುಂದೆ ಭಾರತದ ಬಾನುಲಿಯೇ ಆ ಹೆಸರನ್ನು ಹೊತ್ತುಕೊಂಡಿತು. ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಎಂದು ನಮ್ಮವರು ಹೇಳುತ್ತಾರೆ, ಟಾಗೋರರು ಎಂದು ಬಂಗಾಳದವರು ಹೇಳುತ್ತಾರೆ. ಈ ವಾದ ಇನ್ನೂ ಮುಗಿದಿಲ್ಲ. 2023ರಲ್ಲಿ ಪ್ರಸಾರ ಭಾರತಿಯವರು ಇಂಗ್ಲಿಷಿನಲ್ಲಿ ಕೂಡ 'ಆಲ್ ಇಂಡಿಯಾ ರೇಡಿಯೊ' ಎನ್ನುವುದನ್ನು ಬಿಟ್ಟು 'ಆಕಾಶವಾಣಿ' ಎಂದೇ ಕರೆದುಕೊಳ್ಳಬೇಕೆಂದು ತೀರ್ಮಾನಿಸಿದಾಗ ನಮ್ಮ ಪತ್ರಿಕೆಗಳು ಮತ್ತೊಮ್ಮೆ ಮೈಸೂರನ್ನು ನೆನೆದವು. ಹೆಸರಿಗೆ ಸಿಕ್ಕ ಗೌರವ ನಮಗೇ ಸಿಕ್ಕ ಗೌರವವೆಂದು ನಾವೆಲ್ಲ ಸಂತೋಷಪಟ್ಟೆವು.

ಈ ಸಂತೋಷದಲ್ಲಿ ನಾವು ಒಂದು ಸಂಗತಿಯನ್ನು ಮರೆಯುತ್ತ ಬಂದಿದ್ದೇವೆ. ಆ ಹೆಸರನ್ನು ಕೊಟ್ಟ ನಿಲಯ 1955ರಲ್ಲಿ ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನದೇ ನಿಲಯ ಬಂದದ್ದು 1974ರ ನವೆಂಬರಿನಲ್ಲಿ. ನಡುವೆ 19 ವರ್ಷ. ಹೆಸರು ದೇಶವೆಲ್ಲ ಸುತ್ತುತ್ತಿದ್ದಾಗ ಹೆಸರಿಟ್ಟ ಊರಿಗೆ ಸ್ವಂತದ ದನಿ ಇರಲಿಲ್ಲ. ಬಾನುಲಿಯ ಬಗ್ಗೆ ಕನ್ನಡದಲ್ಲಿ ಬಂದಿರುವ ಸ್ಮರಣ ಸಂಚಿಕೆಗಳಲ್ಲಿ ಈ 19 ವರ್ಷ ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಯುತ್ತದೆ. 'ನಿಲಯವನ್ನು ಬೆಂಗಳೂರಿಗೆ ಸ್ಥಳಾಂತರಿಸಲಾಯಿತು' ಎಂಬ ಕರ್ತೃವಿಲ್ಲದ ವಾಕ್ಯ. ಯಾರು ಸ್ಥಳಾಂತರಿಸಿದರು, ಯಾರನ್ನು ಕೇಳಿ, ಊರಿನವರು ಏನೆಂದರು ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವಿಲ್ಲ.

ಬಾನುಲಿಯನ್ನು ನಾವು ವಿಮರ್ಶೆಯ ವಸ್ತುವೆಂದು ಎಣಿಸಿದ್ದೇ ಕಡಿಮೆ. ಒಂದು ಕಾದಂಬರಿ ಬಂದರೆ ಅದರ ಭಾಷೆ, ಪಾತ್ರ, ದೃಷ್ಟಿಕೋನ ಎಂದು ಪುಟಗಟ್ಟಲೆ ಬರೆಯುತ್ತೇವೆ. ದಿನಕ್ಕೆ ಹದಿನೈದು ಗಂಟೆ ಮನೆಯೊಳಗೆ ಮಾತಾಡುವ ಪೆಟ್ಟಿಗೆಯ ಭಾಷೆ ಯಾವುದು, ಅದರಲ್ಲಿ ಮಾತಾಡುವ ಹಕ್ಕು ಯಾರದು ಎಂದು ಕೇಳುವುದಿಲ್ಲ. ಮುಚ್ಚಿದ ಒಂದು ನಿಲಯ ಮತ್ತೆ ತೆರೆದಾಗ ಮರಳಿ ಬರುವುದು ನಿಜವಾಗಿ ಏನು, ಯಂತ್ರವೇ, ಪರವಾನಗಿಯೇ, ದನಿಯೇ? ಈ ಬರಹದ ಪ್ರಶ್ನೆ ಇಷ್ಟು. ನಾನು ಇದನ್ನು ಕೇಳುತ್ತಿರುವುದು ಅರಸೀಕೆರೆ ತಾಲೂಕಿನ ಗಂಡಸಿಯಲ್ಲಿ ಕುಳಿತು. ಇಲ್ಲಿ ಯಾವತ್ತೂ ಬಾನುಲಿ ನಿಲಯ ಇರಲಿಲ್ಲ. ನಾವು ಯಾವಾಗಲೂ ಕೇಳಿಸಿಕೊಂಡವರು. ಕೇಳಿಸಿಕೊಂಡವನ ಕಡೆಯಿಂದ ನೋಡಿದರೆ ಕಥೆ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

2

ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ವಿಭಾಗವನ್ನು ಕಟ್ಟಿದವರು, ಮಹಾರಾಜ ಕಾಲೇಜಿನ ಮೇಷ್ಟರು. ಅವರ ಮನೆ 'ವಿಠ್ಠಲ ವಿಹಾರ'ದಲ್ಲಿ ಶುರುವಾದ ಪ್ರಸಾರಕದ ಶಕ್ತಿ 30 ವ್ಯಾಟ್. ಹಿಂದೆ ಅಂಗಳದಲ್ಲಿ ಉರಿಯುತ್ತಿದ್ದ ಒಂದು ಹಳೆಯ ಬಲ್ಬಿಗೂ ಇದಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ಮುಂದೆ ಅದು 250 ವ್ಯಾಟಿಗೆ ಏರಿತು. ಮೊದಲ ವರ್ಷಗಳ ಖರ್ಚನ್ನು ಅವರು ಬಹುಮಟ್ಟಿಗೆ ತಮ್ಮ ಕೈಯಿಂದಲೇ ಹಾಕಿದರು. ಆಮೇಲೆ ಮೈಸೂರಿನ ಪುರಸಭೆಯ ನೆರವು ಬಂತು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಸಂಸ್ಥಾನದ ನಿಲಯಗಳು ಕೇಂದ್ರ ಸರ್ಕಾರದ ಬಾನುಲಿಗೆ ಸೇರಿದವು. 1955ರಲ್ಲಿ ಸ್ಥಳಾಂತರ. ಮನೆ, ಪುರಸಭೆ, ಸಂಸ್ಥಾನ, ದೆಹಲಿ: ಇಪ್ಪತ್ತು ವರ್ಷದಲ್ಲಿ ನಿಲಯ ಹತ್ತಿದ ಮೆಟ್ಟಿಲುಗಳು ಇವು. ಪ್ರತಿ ಮೆಟ್ಟಿಲಲ್ಲೂ ಅದಕ್ಕೆ ಹಣ ಹೆಚ್ಚಿತು, ಯಂತ್ರದ ಶಕ್ತಿ ಹೆಚ್ಚಿತು. ಹಾಗೆಯೇ ಪ್ರತಿ ಮೆಟ್ಟಿಲಲ್ಲೂ ಅದು ಕೇಳುಗನ ಮನೆಯಿಂದ ಒಂದಿಷ್ಟು ದೂರ ಸರಿಯಿತು.

ಇದನ್ನು ಕೇವಲ ಕಳೆದುಹೋದ ಸ್ವರ್ಗದ ಕಥೆಯಾಗಿ ಹೇಳುವುದು ಸುಲಭ. ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಮೈಸೂರಿನ ಆ ಪುಟ್ಟ ನಿಲಯ ಯಾರ ದನಿಯಾಗಿತ್ತು? ಕಾಲೇಜಿನ ಅಧ್ಯಾಪಕರು, ಸಾಹಿತಿಗಳು, ಅರಮನೆಯ ನೆರಳಲ್ಲಿ ಬೆಳೆದ ಸಂಗೀತಗಾರರು, ಹವ್ಯಾಸಿ ನಾಟಕದವರು. ಊರಿನ ಒಳ್ಳೆಯ ದನಿಗಳೇ ಸರಿ. ಆದರೆ ಅವು ಒಂದು ಊರಿನ ಒಂದು ಬದಿಯ ದನಿಗಳು. 1930ರ ದಶಕದಲ್ಲಿ ರೇಡಿಯೊ ಪೆಟ್ಟಿಗೆ ಕೊಳ್ಳಬಲ್ಲವರು ಎಷ್ಟು ಜನ? ಮೈಸೂರಿನ ಗರಡಿ ಮನೆಯವರು, ಮಂಡಿಯ ಹಮಾಲಿಗಳು, ಕೇರಿಯ ಹೆಂಗಸರು ಆ ಮೈಕಿನ ಎದುರು ಎಷ್ಟು ಸಲ ಕೂತಿದ್ದಾರು? ಗೋಪಾಲಸ್ವಾಮಿಯವರ ಸಾಹಸವನ್ನು ಕಡಿಮೆ ಮಾಡುವುದಕ್ಕೆ ಈ ಮಾತು ಹೇಳುತ್ತಿಲ್ಲ. ಒಬ್ಬ ಮೇಷ್ಟರು ಸ್ವಂತ ದುಡ್ಡಿನಲ್ಲಿ ಒಂದು ಊರಿಗೆ ದನಿ ಕೊಡಲು ಹೊರಟದ್ದು ಈ ದೇಶದಲ್ಲಿ ಅಪರೂಪ. ಆದರೆ 'ಚಿಕ್ಕದು' ಎಂದ ಮಾತ್ರಕ್ಕೆ 'ನಮ್ಮದು' ಆಗುವುದಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ಅದರ ದೊಡ್ಡ ಗುಣ ಯಾವುದು? ನನಗೆ ಕಾಣುವಂತೆ ಅದು ತಲುಪಬಹುದಾದ ನಿಲಯವಾಗಿತ್ತು. ಕಾರ್ಯಕ್ರಮ ಸರಿಹೋಗದಿದ್ದರೆ ಕೇಳುಗ ಛತ್ರಿ ಹಿಡಿದುಕೊಂಡು ನಡೆದೇ ಹೋಗಿ ಬಾಗಿಲು ತಟ್ಟಬಹುದಿತ್ತು. ತಟ್ಟಿದರೆ ತೆರೆಯುವವರು ಅದನ್ನು ನಡೆಸುವವರೇ. ಬೈದರೆ ಬೈಸಿಕೊಳ್ಳುವವರೂ ಅವರೇ. ಪ್ರಸಾರದ ಶಕ್ತಿಯನ್ನು ನಾವು ವ್ಯಾಟಿನಲ್ಲಿ ಅಳೆಯುತ್ತೇವೆ. ಕೇಳುಗ ನಿಲಯಕ್ಕೆ ಎಷ್ಟು ಹೆಜ್ಜೆಯಲ್ಲಿ ಹೋಗಬಲ್ಲ ಎಂಬ ಇನ್ನೊಂದು ಅಳತೆಯೂ ಇದೆ. 1974ರಲ್ಲಿ ಮೈಸೂರಿನ ನಿಲಯ ಮತ್ತೆ ಬಂದಾಗ ಮೊದಲ ಅಳತೆಯಲ್ಲಿ ಅದು ಹಳೆಯದಕ್ಕಿಂತ ಬಹಳ ದೊಡ್ಡದು. ಎರಡನೆಯ ಅಳತೆಯಲ್ಲಿ? ಕಟ್ಟಡ ಊರೊಳಗೇ ಇತ್ತು, ಒಳಗಿದ್ದ ಕಲಾವಿದರಲ್ಲಿ ಅನೇಕರು ಊರಿನವರೇ, ಅವರಲ್ಲಿ ದೊಡ್ಡ ಪ್ರತಿಭೆಯವರಿದ್ದರು. ಆದರೆ ನಿಯಮ, ನೇಮಕ, ವೇಳಾಪಟ್ಟಿ, ಯಾವುದನ್ನು ಹೇಳಬಹುದು ಯಾವುದನ್ನು ಹೇಳಬಾರದು ಎಂಬ ಸಂಹಿತೆ, ಎಲ್ಲ ದೆಹಲಿಯಿಂದ ಬರುತ್ತಿತ್ತು. ಮರಳಿ ಬಂದದ್ದು ಒಂದು ಶಾಖೆ. ಹೋದದ್ದು ಒಂದು ಬೇರು.

3

ನಮ್ಮ ಕಡೆ ನನ್ನ ಬಾಲ್ಯದಲ್ಲಿ ಬೆಂಗಳೂರು, ಭದ್ರಾವತಿ ಎರಡೂ ಸಿಗುತ್ತಿದ್ದವು. ಭದ್ರಾವತಿ 1965ರಲ್ಲಿ ಶುರುವಾದ ನಿಲಯ. ಹಾಸನಕ್ಕೆ ತನ್ನದೇ ಎಫ್.ಎಂ. ನಿಲಯ ಬಂದದ್ದು 1990ರ ದಶಕದಲ್ಲಿ. ರೇಡಿಯೊ ಇದ್ದ ಮನೆಯವರು ಪೋಸ್ಟಾಫೀಸಿನಲ್ಲಿ ಲೈಸೆನ್ಸಿನ ಹಣ ಕಟ್ಟಿ ಪುಸ್ತಕದಲ್ಲಿ ಅಂಚೆಚೀಟಿ ಅಂಟಿಸಿಕೊಂಡು ಬರುತ್ತಿದ್ದರು. ಇಲ್ಲದವರು ಪಂಚಾಯ್ತಿ ಕಟ್ಟೆಯ ರೇಡಿಯೊ ಕೇಳುತ್ತಿದ್ದರು. ಈ ಪೆಟ್ಟಿಗೆ ನಮಗೆ ಕೊಟ್ಟದ್ದನ್ನು ಸಣ್ಣದು ಮಾಡಿ ಹೇಳುವ ಕೃತಘ್ನತೆ ನನಗಿಲ್ಲ. ತೆಂಗಿನ ತೋಟ, ರಾಗಿ ಹೊಲ, ಹ್ಯಾಂಡ್ ಪೋಸ್ಟಿನ ಬಸ್ಸು ಇಷ್ಟೇ ಲೋಕವಾಗಿದ್ದ ಹುಡುಗರ ಕಿವಿಗೆ ಮಲ್ಲಿಕಾರ್ಜುನ ಮನ್ಸೂರರ ಕಂಠ ಬಿದ್ದದ್ದು, ಸಂಸ್ಕೃತ ವಾರ್ತೆ ಬಿದ್ದದ್ದು, ಒಂದು ಗಂಟೆಯ ನಾಟಕ ಬಿದ್ದದ್ದು ಅದರಿಂದಲೇ. ಓದು ಬಾರದ ನಮ್ಮ ಅಜ್ಜಿಗೆ ಪ್ರಪಂಚ ಗೊತ್ತಿದ್ದದ್ದು ಅದರಿಂದಲೇ.

ಆದರೆ ಅದೇ ಅಜ್ಜಿ ಒಂದು ಸಂಜೆ ಹಳ್ಳಿಯವರಿಗಾಗಿ ಬರುತ್ತಿದ್ದ ಕಾರ್ಯಕ್ರಮ ಕೇಳುತ್ತ ಹೇಳಿದ ಮಾತು ನನ್ನ ಮಟ್ಟಿಗೆ ಬಾನುಲಿಯ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆಗಳಲ್ಲಿ ಒಂದು. 'ಅವ್ನು ನಮ್ಮಂಗೆ ಮಾತಾಡ್ತಾ ಇಲ್ಲ ಕಣ್ಲಾ, ನಮ್ಮನ್ನ ಆಡಿಸ್ತಾ ಅವ್ನೆ' ಎಂದಳು. ಆ ಕಾರ್ಯಕ್ರಮಗಳ ರಚನೆ ಹೆಚ್ಚು ಕಡಿಮೆ ಒಂದೇ. ಒಬ್ಬ ತಿಳಿದವನು, ಒಬ್ಬ ತಿಳಿಯದವನು. ತಿಳಿದವನ ಮಾತು ಶುದ್ಧ ಗ್ರಾಂಥಿಕ. ತಿಳಿಯದವನ ಮಾತು ಯಾವ ಊರಿನದೂ ಅಲ್ಲದ ಒಂದು 'ಹಳ್ಳಿ ಭಾಷೆ'. ಹಾಸನದ್ದಲ್ಲ, ಮಂಡ್ಯದ್ದಲ್ಲ, ತುಮಕೂರಿನದಲ್ಲ. ಪಟ್ಟಣದ ನಟನೊಬ್ಬ ಹಳ್ಳಿಯವನು ಹೀಗೆ ಮಾತಾಡುತ್ತಾನೆಂದು ಊಹಿಸಿಕೊಂಡದ್ದು. ಹಕಾರ ಬಿಟ್ಟರೆ, ಅಲ್ಪಪ್ರಾಣ ಮಾಡಿದರೆ, ನಡುನಡುವೆ 'ಸಿವಾ' ಎಂದರೆ ಹಳ್ಳಿಯಾಯಿತು. ನಮ್ಮ ಊರಿನಲ್ಲಿ ತಂದೆಯ ಎದುರು ಮಗ ಮಾತಾಡುವ ರೀತಿ ಬೇರೆ, ಅತ್ತೆಯ ಎದುರು ಸೊಸೆ ಮಾತಾಡುವ ರೀತಿ ಬೇರೆ, ಪಂಚಾಯ್ತಿಯಲ್ಲಿ ಯಜಮಾನ ಎಳೆದೆಳೆದು ಆಡುವ ಮಾತಿನ ತೂಕವೇ ಬೇರೆ. ಬಾನುಲಿಯ ಹಳ್ಳಿಯವನಿಗೆ ಈ ಯಾವ ಭೇದವೂ ಇಲ್ಲ. ಅವನು ಎಲ್ಲರೊಂದಿಗೂ ಪೆದ್ದನಾಗಿ, ಪ್ರಶ್ನೆ ಕೇಳುವವನಾಗಿ, ಕೊನೆಗೆ 'ಈಗ ತಿಳೀತು ಬುದ್ಧಿ' ಎನ್ನುವವನಾಗಿ ಇರುತ್ತಾನೆ. ಅವನು ಒಂದು ಸಲವೂ 'ನೀವು ಹೇಳಿದ್ದು ನಮ್ಮ ನೆಲಕ್ಕೆ ಆಗಿಬರುವುದಿಲ್ಲ' ಎಂದದ್ದನ್ನು ನಾನು ಕೇಳಿಲ್ಲ.

ಇದು ಬರೀ ಉಚ್ಚಾರಣೆಯ ಪ್ರಶ್ನೆಯಲ್ಲ. ಉಂಡೆ ಕೊಬ್ಬರಿ ಮಾಡುವ ನಮ್ಮ ಸೀಮೆಯ ರೈತ ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಇಟ್ಟು, ಅಲ್ಲಾಡಿಸಿ ಸದ್ದು ಕೇಳಿ, ಒಳಗೆ ನೀರು ಬತ್ತಿದೆಯೋ ಇಲ್ಲವೋ ಹೇಳಬಲ್ಲ. ಆ ಕಿವಿಗೆ ಒಂದು ವಿದ್ಯೆ ಇದೆ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ಬಿದ್ದು ಕಾಯಿಗಳು ಸುರುಟಿಕೊಂಡು ಉದುರಿದಾಗ ನಮ್ಮ ಹೋಬಳಿಯಲ್ಲಿ ಹತ್ತು ತೋಟದವರು ಹತ್ತು ಬಗೆಯ ಉಪಾಯ ಮಾಡಿದರು. ಯಾವುದು ಎಷ್ಟು ಫಲಿಸಿತು ಎಂಬುದು ಪಕ್ಕದ ಊರಿಗೇ ಗೊತ್ತಾಗಲಿಲ್ಲ. ಬಾನುಲಿಯಲ್ಲಿ ಬಂದದ್ದು ಶಿಫಾರಸು: ಇಂಥ ಔಷಧ, ಇಷ್ಟು ಪ್ರಮಾಣ, ಬೇರಿನ ಮೂಲಕ. ಶಿಫಾರಸು ಬೇಡವೆಂದಲ್ಲ. ತಮಿಳುನಾಡಿನ ತಂಜಾವೂರಿನಲ್ಲಿ 1960ರ ದಶಕದಲ್ಲಿ ಹೊಸ ಭತ್ತದ ತಳಿಯೊಂದು ಬಾನುಲಿಯಿಂದ ಎಷ್ಟು ಹಬ್ಬಿತೆಂದರೆ ರೈತರು ಅದನ್ನು 'ರೇಡಿಯೊ ಭತ್ತ' ಎಂದೇ ಕರೆದರು. ಶಿಫಾರಸಿಗೆ ಅಷ್ಟು ಶಕ್ತಿ ಇದೆ. ಆದರೆ ಅದು ಒಂದೇ ದಿಕ್ಕಿನ ಶಕ್ತಿ. ಹತ್ತು ತೋಟದವರು ಮೈಕಿನ ಎದುರು ಕೂತು ಜಗಳವಾಡಿದ್ದರೆ ಹೊರಡುತ್ತಿದ್ದ ಜ್ಞಾನ ಬೇರೆ ಜಾತಿಯದು.

ಜಾನಪದದ ವಿಷಯದಲ್ಲೂ ಹೀಗೆಯೇ ಆಯಿತು. ನಮ್ಮ ಭಾಗದ ಮೂಡಲಪಾಯ ರಾತ್ರಿಯಿಡೀ ಆಡುವ ಆಟ. ಭಾಗವತ ಪದ ಎತ್ತಿದರೆ ಹಿಮ್ಮೇಳದವರು ಎಳೆದುಕೊಂಡು ಹೋಗುವುದಕ್ಕೇ ನಿಮಿಷಗಳು ಬೇಕು. ಸೋಬಾನೆ ಹಾಡುವ ಹೆಂಗಸರು ಒಂದೇ ಸೊಲ್ಲನ್ನು ಎರಡು ಗುಂಪಾಗಿ ತಿರುಗಿಸಿ ತಿರುಗಿಸಿ ಹೇಳುತ್ತಾರೆ. ಆ ಪುನರುಕ್ತಿಯಲ್ಲೇ ಅದರ ಸೊಗಸು. ಬಾನುಲಿ ಇವರನ್ನು ಕರೆಸಿತು, ಸಂಭಾವನೆ ಕೊಟ್ಟಿತು, ಗೌರವ ಕೊಟ್ಟಿತು. ಅದು ಕಡಿಮೆಯೇನಲ್ಲ. ಆದರೆ ಹದಿನೈದು ನಿಮಿಷದ ಚೌಕಟ್ಟಿಗೆ ಹಾಡು ಕುಗ್ಗಿತು. 'ಪುನರುಕ್ತಿ ಕಡಿಮೆ ಮಾಡಿ' ಎಂಬ ಸೂಚನೆ ಬಂತು. ಸುಗಮ ಸಂಗೀತದವರು ಅದೇ ಹಾಡನ್ನು ಹಾರ್ಮೋನಿಯಂ, ತಬಲ, ಕೊಳಲಿನ ಜೊತೆ ಹಾಡಿದಾಗ ಊರಿನ ಹುಡುಗಿಯರು ತಮ್ಮ ಅಜ್ಜಿಯ ಧಾಟಿ ಬಿಟ್ಟು ರೇಡಿಯೊದ ಧಾಟಿ ಕಲಿತರು. ಒಂದು ನಿಲಯವನ್ನು ಮುಚ್ಚದೆಯೂ ದನಿಯನ್ನು ಮುಚ್ಚಬಹುದು ಎಂಬುದಕ್ಕೆ ನಾನು ಇದನ್ನು ಉದಾಹರಣೆಯಾಗಿ ಕೊಡುತ್ತೇನೆ.

4

ಬಾನುಲಿ ಹೀಗೆಯೇ ಇರಬೇಕೆಂದು ವಿಧಿಯೇನೂ ಇರಲಿಲ್ಲ. 1956ರಲ್ಲಿ ಪುಣೆಯ ನಿಲಯದಿಂದ ಯುನೆಸ್ಕೊ ನೆರವಿನಲ್ಲಿ ಒಂದು ಪ್ರಯೋಗ ನಡೆಯಿತು. ಮಹಾರಾಷ್ಟ್ರದ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಕೇಳುಗರ ಗುಂಪುಗಳನ್ನು ಕಟ್ಟಿದರು. ವಾರಕ್ಕೆ ಎರಡು ಸಲ, ಒಟ್ಟು 20 ಕಾರ್ಯಕ್ರಮ. ಕೇಳಿದ ಮೇಲೆ ಗುಂಪು ಚರ್ಚಿಸಬೇಕು, ತನ್ನ ಪ್ರಶ್ನೆಯನ್ನೂ ಆಕ್ಷೇಪವನ್ನೂ ನಿಲಯಕ್ಕೆ ಬರೆಯಬೇಕು, ನಿಲಯ ಉತ್ತರ ಕೊಡಬೇಕು. ಈ ಮಾದರಿ ಬಂದದ್ದು ಕೆನಡಾದಿಂದ. ಅಲ್ಲಿನ ರೈತರ ನಡುವೆ 1940ರ ದಶಕದಲ್ಲಿ ಇಂಥ ಗುಂಪುಗಳಿದ್ದವು. ಪುಣೆಯ ಪ್ರಯೋಗ ಗೆದ್ದಿತು ಎಂದೇ ಅದನ್ನು ಪರಿಶೀಲಿಸಿದವರು ಬರೆದರು. ಬೇರೆ ನಿಲಯಗಳಿಗೂ ಅದನ್ನು ವಿಸ್ತರಿಸಿದರು. ವಿಸ್ತರಿಸಿದ ಮೇಲೆ ಉಳಿದದ್ದು ಗುಂಪುಗಳ ಸಂಖ್ಯೆಯ ಪಟ್ಟಿ. ಚರ್ಚೆ ಸೊರಗಿತು. ಕೇಳುಗನಿಗೆ ಉಳಿದದ್ದು ಪೋಸ್ಟ್ ಕಾರ್ಡು, ಅದರಲ್ಲಿ 'ಕಾರ್ಯಕ್ರಮ ಚೆನ್ನಾಗಿ ಮೂಡಿಬಂತು' ಎಂಬ ಒಂದು ಸಾಲು, ಮೈಕಿನಲ್ಲಿ ತನ್ನ ಹೆಸರು ಕೇಳುವ ಖುಷಿ.

ಕರ್ನಾಟಕದಲ್ಲಿ ಈ ಪ್ರಶ್ನೆ ಮತ್ತೆ ಎದ್ದದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಹೈದರಾಲಿ ಹುಟ್ಟಿದ ಊರೆಂದು ಇತಿಹಾಸದಲ್ಲಿ ಓದಿರುತ್ತೇವಲ್ಲ, ಅದೇ ಊರು. ಅದಕ್ಕೆ ಮುಂಚೆ ಆದದ್ದನ್ನು ಚುಟುಕಾಗಿ ಹೇಳಬೇಕು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ 'ವಾಯ್ಸಸ್' ಸಂಸ್ಥೆ ಸೇರಿಸಿದ ಸಭೆಯಲ್ಲಿ ಸಮುದಾಯ ಬಾನುಲಿ ಬೇಕೆಂಬ ಘೋಷಣೆ ಹೊರಬಿತ್ತು. ಆದರೂ ಸರ್ಕಾರ ಅನುಮತಿ ಕೊಡಲಿಲ್ಲ. ಆಗ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಮಾಡಿದವು. ಗಾಳಿಯಲ್ಲಿ ಕಳಿಸಲು ಕಾನೂನಿಲ್ಲ, ತಂತಿಯಲ್ಲಿ ಕಳಿಸಲು ಅಡ್ಡಿಯಿಲ್ಲ. ಮೊದಲು ಧ್ವನಿಸುರುಳಿ ಮಾಡಿ ಹೆಂಗಸರ ಸ್ವಸಹಾಯ ಸಂಘಗಳ ಸಭೆಯಲ್ಲಿ ಕೇಳಿಸಿದರು. ಆಮೇಲೆ ಊರಿನ ಟಿ.ವಿ. ಕೇಬಲ್ಲಿನಲ್ಲೇ ದನಿಯನ್ನು ಮನೆಮನೆಗೆ ಹರಿಸಿದರು. ನಡೆಸಿದವರಲ್ಲಿ ಊರಿನ ಹುಡುಗರು, ಸಂಘದ ಹೆಂಗಸರು ಇದ್ದರು. ಮಾತು ನೀರು, ಸಾಲ, ಬೆಳೆ, ಮಕ್ಕಳ ಕಾಯಿಲೆಯ ಬಗ್ಗೆ. ಅದೂ ಕೋಲಾರದ ಕನ್ನಡದಲ್ಲಿ, ತೆಲುಗು ಬೆರೆತ ಕನ್ನಡದಲ್ಲಿ.

ಇದೇ ಕಾಲದಲ್ಲಿ ಆಂಧ್ರದ ಓರ್ವಕಲ್ಲಿನಲ್ಲಿ ಹೆಂಗಸರು ಶುರುಮಾಡಿದ 'ಮನ ರೇಡಿಯೊ' ಪರವಾನಗಿಯಿಲ್ಲವೆಂದು 2003ರಲ್ಲಿ ಮುಚ್ಚಿಹೋಯಿತು. ಬೀದರಿನ ಗಡಿಗೆ ಹತ್ತಿರದ ಜಹೀರಾಬಾದಿನ ಬಳಿ ಮಾಚನೂರಿನಲ್ಲಿ ದಲಿತ ಹೆಂಗಸರು 1998ರಿಂದ ಧ್ವನಿಮುದ್ರಣ ಕೋಣೆ ಇಟ್ಟುಕೊಂಡು ಕ್ಯಾಸೆಟ್ ತುಂಬಿಸುತ್ತ ಕಾದರು. 2006ರ ನವೆಂಬರಿನಲ್ಲಿ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ತೆರೆಯಲು ಬಿಟ್ಟಿತು. ಅದಕ್ಕೂ ಮೊದಲು 2002ರಿಂದ ಅವಕಾಶವಿದ್ದದ್ದು ವಿದ್ಯಾಸಂಸ್ಥೆಗಳಿಗೆ ಮಾತ್ರ. 2008ರ ಅಕ್ಟೋಬರ್ 15ರಂದು ಮಾಚನೂರಿನ 'ಸಂಗಂ ರೇಡಿಯೊ' ಗಾಳಿಗೆ ಏರಿತು. ಹತ್ತು ವರ್ಷ ಮಾತು ಕೂಡಿಟ್ಟುಕೊಂಡ ಮೇಲೆ ಸಿಕ್ಕ ಗಾಳಿ. ಬೂದಿಕೋಟೆಯ ನಮ್ಮ ಧ್ವನಿಯೂ ಆಮೇಲೆ ಪರವಾನಗಿ ಪಡೆದು ಎಫ್.ಎಂ. ಆಯಿತು.

ಈ ಕಥೆಯನ್ನು ಗೆಲುವಿನ ಕಥೆಯೆಂದು ಹೇಳಿ ನಿಲ್ಲಿಸುವವರಿದ್ದಾರೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು. ಬೂದಿಕೋಟೆ, ಮಾಚನೂರು ಎರಡೂ ಕಡೆ ನಿಲಯ ಮೊದಲು ಬರಲಿಲ್ಲ, ಮಾತು ಮೊದಲು ಬಂತು. ಸಂಘದ ಸಭೆಯಲ್ಲಿ ಎದುರು ಮಾತಾಡಿ ಅಭ್ಯಾಸವಿದ್ದ ಹೆಂಗಸರಿಗೆ ಮೈಕು ಸಿಕ್ಕಿತು. ಮಾತಾಡಲು ಯಾರೂ ಇಲ್ಲದ ಕಡೆ ಕಂಬ ನೆಟ್ಟರೆ ಅದು ಹಾಡು ಹಾಕುವ ಪೆಟ್ಟಿಗೆಯಾಗುತ್ತದೆ. ಹಾಗೆ ಆಗಿರುವುದೂ ಉಂಟು. 2024ರ ಹೊತ್ತಿಗೆ ದೇಶದಲ್ಲಿ ಸಮುದಾಯ ಬಾನುಲಿ ನಿಲಯಗಳ ಸಂಖ್ಯೆ 500ರ ಆಸುಪಾಸು ಮುಟ್ಟಿತ್ತು. ಇವುಗಳಲ್ಲಿ ಬಹಳಷ್ಟು ಕಾಲೇಜುಗಳ ಆವರಣದಲ್ಲಿವೆ. ಅಲ್ಲಿ ಒಳ್ಳೆಯ ಕೆಲಸ ಮಾಡುವವರಿದ್ದಾರೆ. ಮಂಗಳೂರಿನ 'ರೇಡಿಯೊ ಸಾರಂಗ್' ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿಗೂ ಜಾಗ ಕೊಟ್ಟಿತು. ಹೆಗ್ಗಡದೇವನಕೋಟೆಯ ಕಡೆ ಸರಗೂರಿನ 'ಜನಧ್ವನಿ' ಕಾಡಂಚಿನವರ ನಡುವೆ ಇದೆ. ಆದರೆ ಪತ್ರಿಕೋದ್ಯಮ ವಿಭಾಗದ ಮಕ್ಕಳಿಗೆ ಅಭ್ಯಾಸಶಾಲೆಯಾಗಿ, ಉಳಿದ ಹೊತ್ತು ಚಿತ್ರಗೀತೆಯಾಗಿ ನಡೆಯುವ ನಿಲಯಕ್ಕೆ ಸಮುದಾಯ ಎಂಬ ಹೆಸರು ಹೊಂದುವುದಿಲ್ಲ. ಅಲ್ಲಿಯೂ ಅದೇ ಹಳೆಯ ಕಥೆ: ಹೆಸರು ಉಳಿದಿದೆ.

ಸರ್ಕಾರದ ನಿಯಮಗಳನ್ನೂ ನೋಡಬೇಕು. ಪ್ರಸಾರಕ 100 ವ್ಯಾಟ್ ಮೀರಬಾರದು. ಹತ್ತು ಹದಿನೈದು ಕಿಲೋಮೀಟರು ಕೇಳಿಸಬಹುದು. ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿರಬೇಕು. ಇವೆಲ್ಲ ಸರಿ. ಆದರೆ ಸ್ವಂತವಾಗಿ ಸುದ್ದಿ ಹೇಳುವಂತಿಲ್ಲ, ರಾಜಕೀಯ ಮಾತಾಡುವಂತಿಲ್ಲ. ನಮ್ಮ ಹೋಬಳಿಯ ಕೆರೆಗೆ ನೀರು ಯಾಕೆ ಬರಲಿಲ್ಲ ಎಂಬ ಮಾತು ಸುದ್ದಿಯೋ ಅಲ್ಲವೋ? ಅದು ರಾಜಕೀಯವೋ ಅಲ್ಲವೋ? 'ನೀರು ಉಳಿಸಿ' ಎಂದರೆ ಅಭಿವೃದ್ಧಿ, 'ನೀರು ಎಲ್ಲಿ ಹೋಯಿತು' ಎಂದರೆ ರಾಜಕೀಯ ಎಂದಾದರೆ ಆ ನಿಲಯ ಮತ್ತೆ ಪೆದ್ದ ಹಳ್ಳಿಯವನ ಪಾತ್ರವನ್ನೇ ಆಡಬೇಕಾಗುತ್ತದೆ. ಹಣದ ಪ್ರಶ್ನೆಯೂ ಇದೆ. 2012ರಲ್ಲಿ ತರಂಗಾಂತರದ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ 91,000ಕ್ಕೆ ಏರಿಸಲು ಹೊರಟಾಗ ದೇಶದ ಸಣ್ಣ ನಿಲಯಗಳೆಲ್ಲ ಪ್ರತಿಭಟಿಸಿ ಅದನ್ನು ಹಿಂದಕ್ಕೆ ತೆಗೆಸಬೇಕಾಯಿತು. ಯೋಜನೆಯ ಹಣ ಮುಗಿದ ದಿನ, ದೊಡ್ಡ ಸಂಸ್ಥೆ ಕೈ ತೆಗೆದ ದಿನ ನಿಲಯ ಏನಾಗುತ್ತದೆ ಎಂಬುದೇ ಅದು ಯಾರದು ಎಂಬುದಕ್ಕೆ ನಿಜವಾದ ಪರೀಕ್ಷೆ.

5

ಈ ಪರೀಕ್ಷೆಯನ್ನು ಬೇರೊಂದು ರೀತಿಯಲ್ಲಿ ಎದುರಿಸಿದವರು ಕೆನಡಾದ ಮೋಹಾಕ್ ಜನ. ಮಾಂಟ್ರಿಯಲ್ ನಗರಕ್ಕೆ ಹತ್ತಿರದ ಕನೆಸತಾಕೆ ಎಂಬಲ್ಲಿ ಅವರದೊಂದು ಪುಟ್ಟ ಬಾನುಲಿ ಇತ್ತು. 1990ರ ಬೇಸಿಗೆಯಲ್ಲಿ ಅವರ ಪೈನ್ ಮರಗಳ ತೋಪನ್ನೂ ಹಿರಿಯರ ಸಮಾಧಿಗಳನ್ನೂ ಒಳಗೊಂಡ ನೆಲಕ್ಕೆ ಗಾಲ್ಫ್ ಮೈದಾನ ಹಬ್ಬಿಸಲು ಪಕ್ಕದ ಊರಿನವರು ಹೊರಟಾಗ ಜಗಳವಾಗಿ, ಪೊಲೀಸರೂ ಆಮೇಲೆ ಸೈನ್ಯವೂ ಸುತ್ತುವರಿದು, 78 ದಿನ ಆ ಊರು ಮುತ್ತಿಗೆಯಲ್ಲಿತ್ತು. ಆ ದಿನಗಳಲ್ಲಿ ನಿಲಯ ಮಾತಾಡುತ್ತಲೇ ಇತ್ತು. ಹೊರಗಿನ ಪತ್ರಿಕೆಗಳಿಗೆ ಅದು ಬಂಡಾಯದ ಸುದ್ದಿ. ಒಳಗಿನವರಿಗೆ ಯಾರು ಕ್ಷೇಮ, ಯಾವ ದಾರಿ ಮುಚ್ಚಿದೆ ಎಂಬ ಮಾತು. ಅಂಥ ನಿಲಯವೂ ಮುಂದೆ ವರ್ಷಗಟ್ಟಲೆ ಸುಮ್ಮನಾಯಿತು. ಮುತ್ತಿಗೆಗೆ ಬಗ್ಗದ ದನಿ ಹಣವಿಲ್ಲದೆ, ಕೆಟ್ಟ ಯಂತ್ರದಿಂದ, ನಡೆಸುವವರು ಚದುರಿದ್ದರಿಂದ ನಿಂತುಹೋಗಬಹುದು. ಸಣ್ಣ ನಿಲಯಗಳ ಸಾವು ಎಲ್ಲ ಕಡೆಯೂ ಹೀಗೆಯೇ. ಅದನ್ನು ಮತ್ತೆ ಗಾಳಿಗೆ ತರಲು ಆ ಊರಿನವರೇ ಮುಂದಾದರು.

ಮೋಹಾಕ್ ಭಾಷೆಯನ್ನು ಆಡುವವರು ಕೆಲವೇ ಸಾವಿರ ಮಂದಿ. ಅವರಿಗೆ ಬಾನುಲಿ ಮರಳಿ ಬೇಕಾದದ್ದು ಮಕ್ಕಳ ಕಿವಿಗೆ ಆ ಭಾಷೆ ದಿನವೂ ಬೀಳಲಿ ಎಂದು. ಕನ್ನಡ ಆಡುವವರು ಕೋಟಿಗಟ್ಟಲೆ ಇದ್ದೇವೆ, ನಮಗೆ ಆ ಭಯವಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಭಾಷೆ ಕೋಟಿಗಳಲ್ಲಿ ಬದುಕುವುದಿಲ್ಲ, ಹೋಬಳಿಗಳಲ್ಲಿ ಬದುಕುತ್ತದೆ. ಗಂಡಸಿಯಲ್ಲಿ ಮಳೆಗೆ, ಮೋಡಕ್ಕೆ, ತೆಂಗಿನ ಒಂದೊಂದು ಹಂತಕ್ಕೆ, ನೆಂಟರ ಮುನಿಸಿಗೆ ಇರುವ ಮಾತುಗಳು ಬೆಂಗಳೂರಿನ ಖಾಸಗಿ ಎಫ್.ಎಂ.ಗಳ ಇಂಗ್ಲಿಷ್ ಬೆರೆತ ಹರಟೆಯಲ್ಲೂ ಇಲ್ಲ, ಆಕಾಶವಾಣಿಯ ಶುದ್ಧ ಗದ್ಯದಲ್ಲೂ ಇಲ್ಲ. ನಮ್ಮ ಮಕ್ಕಳು ಈಗ ತಮ್ಮ ಮನೆಯ ಮಾತನ್ನು ಕೇಳುವುದು ಮೊಬೈಲಿನ ಹಾಸ್ಯದ ತುಣುಕುಗಳಲ್ಲಿ. ಅಲ್ಲಿಯೂ ಅದು ನಗುವುದಕ್ಕೆ ಮಾತ್ರ. ಅಳುವುದಕ್ಕೆ, ವಾದ ಮಾಡುವುದಕ್ಕೆ, ಗಂಭೀರವಾಗಿ ಏನಾದರೂ ಹೇಳುವುದಕ್ಕೆ ಅವರು ಬೇರೆ ಭಾಷೆಗೆ ಹೋಗುತ್ತಾರೆ. ಒಂದು ಮಾತು ನಗಿಸಲಿಕ್ಕೆ ಮಾತ್ರ ಉಳಿದರೆ ಅದು ಅರ್ಧ ಸತ್ತಂತೆಯೇ.

ಮೊಬೈಲಿರುವಾಗ ಬಾನುಲಿ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮೊಬೈಲಿನಲ್ಲಿ ಯಾರು ಬೇಕಾದರೂ ಮಾತಾಡಬಹುದು, ಲೈಸೆನ್ಸು ಬೇಕಿಲ್ಲ. ಆದರೆ ಅಲ್ಲಿ ಒಬ್ಬೊಬ್ಬರೂ ತಮಗೆ ಬೇಕಾದ್ದನ್ನು ಮಾತ್ರ ಕೇಳುತ್ತಾರೆ. ಬೇಡವಾದ ನೆರೆಯವನ ಮಾತನ್ನೂ ಅನಿವಾರ್ಯವಾಗಿ ಕೇಳಿಸಿಕೊಳ್ಳುವ ಸಂದರ್ಭ ಅಲ್ಲಿಲ್ಲ. ಒಂದೇ ಹೊತ್ತಿನಲ್ಲಿ, ಒಂದೇ ದನಿಯನ್ನು, ಮೇಲುಕೇರಿಯವರೂ ಕೆಳಗಿನ ಕೇರಿಯವರೂ ಕೇಳುವುದರಿಂದ ಹುಟ್ಟುವ ಊರಿನ ಕಿವಿ ಬೇರೆ. ಪಂಚಾಯ್ತಿ ಕಟ್ಟೆಯ ರೇಡಿಯೊ ತಿಳಿಯದೆಯೇ ಅಷ್ಟನ್ನು ಮಾಡಿತ್ತು. ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ದೂರ ನಿಲ್ಲಬೇಕು ಎಂಬುದು ಇದ್ದರೂ ದನಿ ಮಾತ್ರ ಇಬ್ಬರಿಗೂ ಮುಟ್ಟುತ್ತಿತ್ತು.

ನಾಳೆ ನಮ್ಮ ಹೋಬಳಿಗೆ ಯಾರಾದರೂ ಒಂದು ನಿಲಯ ತರುತ್ತೇವೆಂದು ಬಂದರೆ ನಾನು ಕೇಳುವ ಪ್ರಶ್ನೆಗಳು ವ್ಯಾಟಿನವಲ್ಲ. ಹೆಸರು ಏನಿಡುತ್ತೀರಿ ಎಂದೂ ಕೇಳುವುದಿಲ್ಲ; ಹೆಸರಿಡುವುದರಲ್ಲಿ ನಾವು ಕನ್ನಡಿಗರು ಎಂದೂ ಹಿಂದೆ ಬಿದ್ದವರಲ್ಲ. ಕೇಳುವುದು ಮೂರೇ ಮಾತು. ಅದರ ಬಾಗಿಲಿಗೆ ನಮ್ಮ ಹಟ್ಟಿಯ ಹೆಂಗಸು ಅಪ್ಪಣೆಯಿಲ್ಲದೆ ಬರಬಹುದೆ? ಬಂದವಳು 'ನಿನ್ನೆ ನೀವು ಹೇಳಿದ್ದು ಸುಳ್ಳು' ಎಂದರೆ ಅದನ್ನು ಇವತ್ತು ಅವಳ ಬಾಯಿಂದಲೇ ಪ್ರಸಾರ ಮಾಡುತ್ತೀರಾ? ದುಡ್ಡು ಕೊಟ್ಟವರು ಹೋದ ಮೇಲೆ ಕರೆಂಟ್ ಬಿಲ್ಲು ಕಟ್ಟಲು ಊರಿನವರು ತಲೆಗೊಂದು ತೆಂಗಿನಕಾಯಿ ಕೊಡುವಷ್ಟಾದರೂ ಅದು ಅವರಿಗೆ ಬೇಕಾಗಿರುತ್ತದೆಯೆ? ಮೂರಕ್ಕೂ ಹೌದೆಂಬ ಉತ್ತರ ಸಿಕ್ಕರೆ 30 ವ್ಯಾಟ್ ಸಾಕು. ಗೋಪಾಲಸ್ವಾಮಿಯವರಿಗೂ ಅಷ್ಟೇ ಇದ್ದದ್ದು. ಒಂದಕ್ಕೂ ಉತ್ತರ ಇಲ್ಲದಿದ್ದರೆ ಎಷ್ಟು ಎತ್ತರದ ಕಂಬ ನೆಟ್ಟರೂ ನಾವು ಹಿಂದಿನಂತೆಯೇ ಕೇಳಿಸಿಕೊಂಡು ಇರುತ್ತೇವೆ. ಕೊಬ್ಬರಿ ಸುಲಿಯುತ್ತ, ನಡುವೆ ಒಮ್ಮೊಮ್ಮೆ ಅಜ್ಜಿ ಹೇಳಿದಂಥ ಮಾತನ್ನು ನಮ್ಮ ನಮ್ಮಲ್ಲೇ ಆಡಿಕೊಳ್ಳುತ್ತ.